ಮೀಟರಿನ ಪಾಠ ಮತ್ತು ನನ್ನ ಕಿವಿ

ದೀಪಾವಳಿಯ ರಜೆಗೆಂದು ಹಾನಗಲ್ಲಿನ ಮನೆಗೆ ಹೋದವಳು ಮುದ್ದತಿನ ಜ್ವರ, ಅಂದರೆ ಟೈಫಾಯ್ಡ್, ಹಿಡಿದು ಮಲಗಿದೆ. ಮೂರು ವಾರಕ್ಕೆ ಜ್ವರ ಬಿಟ್ಟಿತು. ಗೋಡೆ ಹಿಡಿದು ನಡೆಯುವಷ್ಟಾದಾಗ ಅವ್ವ ಗಂಜಿ ತಂದು ಎದುರಿಗಿಟ್ಟು ಏನೋ ಕೇಳಿದಳು. ಅವಳ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ನಿಶ್ಶಕ್ತಿ ಎಂದುಕೊಂಡು ಸುಮ್ಮನೆ ತಲೆಯಾಡಿಸಿದೆ. ಅವಳು ಗಂಜಿಗೆ ಇನ್ನಷ್ಟು ಉಪ್ಪು ಹಾಕಿದಳು. ಬೇಕಾಗಿರಲಿಲ್ಲ, ಆದರೂ ಕುಡಿದೆ.

ಆಗ ನಾನು ಸವಣೂರಿನ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಮೂರನೆಯ, ನಾಲ್ಕನೆಯ ಇಯತ್ತೆಗಳನ್ನು ಒಟ್ಟಿಗೆ ಕೂಡಿಸಿ ಕಲಿಸುತ್ತಿದ್ದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ಐವತ್ತರ ದಶಕದ ಕೊನೆಗೆ ಸೇರಿದ ನೌಕರಿ ಅದು. ಅಪ್ಪ ಹೋಗಿಬಿಟ್ಟಿದ್ದ. ಹಾನಗಲ್ಲಿನಲ್ಲಿ ಅವ್ವ ಮತ್ತು ಇನ್ನೂ ಓದುತ್ತಿದ್ದ ತಂಗಿ, ಇಬ್ಬರೂ ನನ್ನನ್ನೇ ನಂಬಿಕೊಂಡಿದ್ದರು. ನೌಕರಿ ಹೋದರೆ ಎಂಬ ಯೋಚನೆಯನ್ನು ನಾನು ಅಲ್ಲಿಯತನಕ ಮಾಡಿಯೇ ಇರಲಿಲ್ಲ.

ಶಾಲೆಗೆ ಮರಳಿದ ಮೊದಲ ದಿನವೇ ನನಗೆ ಗೊತ್ತಾಯಿತು. ಗಂಟೆ ಕೇಳುತ್ತಿತ್ತು. ಓಣಿಯ ಮಸೀದಿಯ ಬಾಂಗು ಕೇಳುತ್ತಿತ್ತು. ಗಂಡಸರ ದಪ್ಪ ದನಿ ಎದುರಿಗಿದ್ದರೆ ತಿಳಿಯುತ್ತಿತ್ತು. ಹುಡುಗಿಯರ ಸಣ್ಣ ದನಿ ಮಾತ್ರ ಅಕ್ಷರ ಉದುರಿಸಿಕೊಂಡು ಬರುತ್ತಿತ್ತು. ತ, ಸ, ಕ ಯಾವುದೂ ಇಲ್ಲ, ಬರೀ ಸ್ವರ. ನಲವತ್ತು ಹುಡುಗಿಯರ ಬಾಯಿಗಳು ತೆರೆದು ಮುಚ್ಚುವುದನ್ನು ನೋಡುತ್ತ ನಿಂತೆ.

ಯಾರಿಗೂ ಹೇಳಲಿಲ್ಲ. ಹಾನಗಲ್ಲ ತಾಲೂಕಿನ ಯಾವುದೋ ಹಳ್ಳಿಯಲ್ಲಿ ಒಬ್ಬ ಮಾಸ್ತರರನ್ನು ಕಣ್ಣು ಮಂಜಾಯಿತೆಂದು ಮನೆಗೆ ಕಳಿಸಿದರು ಎಂಬ ಸುದ್ದಿ ಕೇಳಿದ್ದೆ. ನಿಜವೋ ಸುಳ್ಳೋ ವಿಚಾರಿಸುವ ಧೈರ್ಯವಿರಲಿಲ್ಲ. ವಿಚಾರಿಸಿದರೆ ಈಕೆಗೇಕೆ ಈ ಚಿಂತೆ ಎಂದಾರು. ಬದಲಿಗೆ ಉಪಾಯಗಳನ್ನು ಹುಡುಕಿಕೊಂಡೆ. ಮಗ್ಗಿಯನ್ನು, ಪದ್ಯವನ್ನು ಎಲ್ಲರಿಂದಲೂ ಒಟ್ಟಿಗೆ ಹೇಳಿಸುತ್ತಿದ್ದೆ. ಏನು ಹೇಳುತ್ತಾರೆಂಬುದು ಮೊದಲೇ ಗೊತ್ತಿದ್ದರೆ ಕೇಳಿಸಬೇಕಾದದ್ದೇನೂ ಇರುವುದಿಲ್ಲ. ಒಬ್ಬೊಬ್ಬರನ್ನೇ ಪ್ರಶ್ನೆ ಕೇಳುವಾಗ ಹತ್ತಿರ ಹೋಗಿ ಎಡಗಿವಿ ಕೊಟ್ಟು, ತುಟಿ ನೋಡುತ್ತಿದ್ದೆ. ತಿಳಿಯದಿದ್ದರೆ, "ಇನ್ನೊಮ್ಮೆ ಹೇಳು," ಎನ್ನುತ್ತಿದ್ದೆ. ಆಗಲೂ ತಿಳಿಯದಿದ್ದರೆ, "ತಪ್ಪು, ಕುಂದ್ರು," ಎಂದುಬಿಡುತ್ತಿದ್ದೆ.

ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ತಪ್ಪನ್ನು ಸರಿ ಎಂದರೆ ಯಾರಾದರೂ ಹಿಡಿದಾರು ಎಂಬ ಲೆಕ್ಕ ನನ್ನದು. ಸರಿಯನ್ನು ತಪ್ಪೆಂದರೆ ಹುಡುಗಿಯರು ಸುಮ್ಮನೆ ಕುಳಿತುಕೊಳ್ಳುತ್ತಿದ್ದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೀಗೆ ನಡೆಸಿದೆ. ಯಾರೂ ಹಿಡಿಯಲಿಲ್ಲ.

ಅಷ್ಟರಲ್ಲಿ ಮೀಟರು ಬಂತು. ಗಜ, ಫೂಟು, ಇಂಚು ಹೋಗಿ ಮೀಟರು, ಸೆಂಟಿಮೀಟರು ಕಲಿಸಬೇಕೆಂದು ಹುಕುಂ ಆಯಿತು. ಶಿಗ್ಗಾವಿಯಲ್ಲಿ ಶಿಕ್ಷಕರ ಸಭೆ ಕರೆದಿದ್ದರು. ಶಾಲೆಗಳ ತಪಾಸಣೆ ಮಾಡುವ ಡೆಪ್ಯುಟಿ ಸಾಹೇಬರು ಒಂದು ಮೀಟರು ಕೋಲನ್ನು ಎತ್ತಿ ತೋರಿಸಿ, ಪರೀಕ್ಷೆಗಿಂತ ಮೊದಲು ಎಲ್ಲ ಶಾಲೆಗೂ ಬರುತ್ತೇನೆ, ಮಕ್ಕಳನ್ನು ನಾನೇ ಕೇಳುತ್ತೇನೆ ಎಂದರು. ಇಡೀ ಸಭೆಗೆ ಇದ್ದದ್ದು ಅದೊಂದೇ ಕೋಲು. ಸಭೆ ಮುಗಿದ ಮೇಲೆ ಅದರ ಸುತ್ತ ಮಾಸ್ತರರೆಲ್ಲ ಮುಗಿಬಿದ್ದು, ಯಾರೋ ದಾರ ಹಿಡಿದು, ಯಾರೋ ಧೋತರದ ಅಂಚು ಹಿಡಿದು ಅಳೆದುಕೊಂಡರು. ನಮಗೇ ಬಾರದ್ದನ್ನು ಮಕ್ಕಳಿಗೆ ಹೇಗೆ ಕಲಿಸುವುದೆಂದು ಎಲ್ಲರ ಮುಖದಲ್ಲೂ ಗಾಬರಿ.

ಬಸ್ಸಿಗೆ ಕಾಯುತ್ತಿದ್ದಾಗ ಹಿರೇಬೆಂಡಿಗೇರಿಯ ಮಾಸ್ತರರು ಮಾತು ತೆಗೆದರು. ಅವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಟೊಪ್ಪಿಗೆ ಹಾಕಿ, ಕೊಡೆಯನ್ನು ಕಂಕುಳಲ್ಲಿ ಹಿಡಿದೇ ಇರುತ್ತಿದ್ದರು. ಅವರ ಜೊತೆ ಹುಲಗೂರಿನ ಮಾಸ್ತರರಿದ್ದರು. ಟ್ರೇನಿಂಗ್ ಮುಗಿಸಿ ಎರಡು ವರ್ಷವಾಗಿದ್ದ ಹೊಸಬರು, ಚುರುಕು. ಸವಣೂರಿನ ಉರ್ದು ಶಾಲೆಯಲ್ಲಿ ಕನ್ನಡ ಮತ್ತು ಲೆಕ್ಕ ಕಲಿಸುತ್ತಿದ್ದ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ನನ್ನ ಪಕ್ಕ ನಿಂತಿದ್ದರು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬಂದವರು.

"ಒಬ್ಬೊಬ್ರ ಒದ್ದಾಡೂದು ಯಾಕ್ರಿ," ಎಂದರು ಹಿರಿಯ ಮಾಸ್ತರರು. "ನಾವು ನಾಕ ಮಂದಿ ಕೂಡಿ ಒಂದ ಪಾಠ ಮಾಡೂಣು. ಮೊದಲ ನಾ ನಮ್ಮೂರಾಗ ಕಲಸ್ತೇನಿ. ನೀವು ಮೂರೂ ಮಂದಿ ಹಿಂದ ಕುಂತ ನೋಡ್ರಿ. ಎಲ್ಲಿ ಕೆಟ್ಟಿತು ಹೇಳ್ರಿ. ತಿದ್ದಿ ಹುಲಗೂರಾಗ ಕಲಸೂಣು. ಮತ್ತ ತಿದ್ದಿ ಸವಣೂರಾಗ. ನಾಕನೇ ಸಲಕ್ಕಾದ್ರೂ ನೆಟ್ಟಗಾದೀತು."

"ಟೀಕಾ ಪಾಠ ಇದ್ದಂಗ," ಎಂದರು ಹುಲಗೂರಿನವರು. ಟ್ರೇನಿಂಗಿನಲ್ಲಿ ಒಬ್ಬರು ಪಾಠ ಮಾಡುವಾಗ ಉಳಿದವರು ಕುಳಿತು ತಪ್ಪು ಹುಡುಕುವ ಪದ್ಧತಿಯಿತ್ತು. ಅದು ಯಾರಿಗೂ ಹಿಡಿಸುತ್ತಿರಲಿಲ್ಲ.

"ಅಲ್ಲ," ಎಂದರು ಹಿರಿಯರು. "ಮಾಸ್ತರನ ಕಡೆ ನೋಡಬ್ಯಾಡ್ರಿ. ಅಂವ ಹೆಂಗ ನಿಂತ, ಹೆಂಗ ಬರದ, ಅದು ಬ್ಯಾಡ. ಹುಡುಗ್ರು ಏನ ಅಂದ್ರು ಅಷ್ಟ ಬರ್ಕೋರಿ. ಅವರ ಬಾಯಾಗಿಂದು ಇದ್ದದ್ದ ಇದ್ದಂಗ."

ಅವರು ದಪ್ಪ ದನಿಯವರು, ನನ್ನ ಎದುರಿಗೇ ನಿಂತಿದ್ದರು. ಒಂದೊಂದು ಮಾತೂ ನನಗೆ ತಿಳಿಯಿತು. ಉಳಿದಿಬ್ಬರೂ ಒಪ್ಪಿದರು. ನಾನು ಒಲ್ಲೆ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ಆ ಬಸ್ಸಿನಲ್ಲಿ ಸವಣೂರು ಮುಟ್ಟುವ ತನಕ ಕಿಟಕಿಯ ಸರಳು ಹಿಡಿದುಕೊಂಡು ಕುಳಿತಿದ್ದೆ. ಇಳಿದಾಗ ಅಂಗೈಯಲ್ಲಿ ತುಕ್ಕಿನ ಗುರುತು ಮೂಡಿತ್ತು.

ಶನಿವಾರ ಮುಂಜಾನೆ ಮಾತ್ರ ಶಾಲೆ ಇರುತ್ತಿದ್ದುದರಿಂದ ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒಂದು ಊರಿಗೆ ಸೇರಬಹುದಿತ್ತು. ಆ ಊರಿನ ಮಕ್ಕಳನ್ನು ಒಂದು ತಾಸು ನಿಲ್ಲಿಸಿಕೊಳ್ಳುವುದೆಂದು ಮಾತಾಯಿತು. ಮೊದಲ ಶನಿವಾರ ಬರೀ ಚರ್ಚೆ. ಹಳೆಯ ಗಜವನ್ನು ಪಾಠದಲ್ಲಿ ತರಬೇಕೋ ಬೇಡವೋ ಎಂಬುದೇ ದೊಡ್ಡ ಜಗಳ. ಹುಲಗೂರಿನವರು ಗಜ-ಮೀಟರಿನ ಕೋಷ್ಟಕದ ತಖ್ತೆ ಬರೆದು ತೂಗುಹಾಕಿ ಅಲ್ಲಿಂದಲೇ ಸುರು ಮಾಡೋಣ ಎಂದರು. ಉರ್ದು ಶಾಲೆಯ ಅಕ್ಕೋರು, ಮಕ್ಕಳ ಕೈಯಿಂದಲೇ ಸುರುವಾಗಲಿ, ಎಲ್ಲರೂ ತಮ್ಮ ತಮ್ಮ ಮೊಳದಿಂದ ಒಂದೇ ಗೋಡೆ ಅಳೆಯಲಿ, ಒಬ್ಬೊಬ್ಬರ ಮೊಳ ಒಂದೊಂದು ಥರ ಬಂದಾಗ ಮೀಟರಿನ ಕೋಲು ತೆಗೆಯೋಣ ಎಂದರು. ಕೊನೆಗೆ ಅದೇ ಗಟ್ಟಿಯಾಯಿತು. ಹಿರಿಯ ಮಾಸ್ತರರು ಬಿದಿರು ಸೀಳಿ ನಾಲ್ಕು ಕೋಲು ಮಾಡಿ, ಕಾಯಿಸಿದ ಮೊಳೆಯಿಂದ ಸುಟ್ಟು ಗುರುತು ಹಾಕಿ, ನಮಗೆ ಒಂದೊಂದು ಕೊಟ್ಟರು.

ಹಿರೇಬೆಂಡಿಗೇರಿಯಲ್ಲಿ ಮೊದಲ ಪಾಠ ನಡೆಯಿತು. ನಾವು ಮೂವರು ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕುಳಿತೆವು. ನನ್ನ ಎದುರಿಗೆ ಮಕ್ಕಳ ಬೆನ್ನುಗಳು. ತುಟಿ ಕಾಣುತ್ತಿರಲಿಲ್ಲ. ಎಡಕ್ಕೆ ಉರ್ದು ಶಾಲೆಯ ಅಕ್ಕೋರ ಪೆನ್ಸಿಲು ಓಡುತ್ತಿತ್ತು, ಬಲಕ್ಕೆ ಹುಲಗೂರಿನವರದು. ನನ್ನ ವಹಿಯಲ್ಲಿ ಒಂದು ಸಾಲೂ ಇರಲಿಲ್ಲ. ಅರ್ಧ ತಾಸಾದ ಮೇಲೆ ಭಯಕ್ಕೆ ಬರೆಯತೊಡಗಿದೆ. ಮಾಸ್ತರರ ಪ್ರಶ್ನೆ ತಿಳಿಯುತ್ತಿತ್ತು. ಅದಕ್ಕೆ ಒಬ್ಬ ಹುಡುಗ ಏನು ಹೇಳಿದ್ದಾನು ಎಂದು ಊಹಿಸಿ ಉತ್ತರ ಕಟ್ಟಿದೆ. "ಗಜಾನೂ ಮೀಟರೂ ಒಂದ ಅದಾವ್ರಿ," ಎಂದು ಒಬ್ಬನ ಬಾಯಲ್ಲಿ ಹಾಕಿದೆ. ಇನ್ನೂ ನಾಲ್ಕಾರು ಅಂಥವೇ.

ಪಾಠ ಮುಗಿದು ಮಕ್ಕಳು ಹೋದ ಮೇಲೆ ಓದುವ ಸರದಿ ಬಂತು. ನಾನು ಓದಿದೆ. ಹುಲಗೂರಿನ ಮಾಸ್ತರರು ತಮ್ಮ ವಹಿ ನೋಡಿದರು, ನನ್ನನ್ನು ನೋಡಿದರು.

"ಗಜದ ಮಾತು ಯಾವ ಹುಡುಗ ಅಂದ್ರಿ? ನಂಗ ಕೇಳ್ಲಿಲ್ಲಲ."

"ಕಿಡಕಿ ಕಡ್ಯಾವ. ಮೆತ್ತಗ ಅಂದ," ಎಂದೆ.

ಹಿರಿಯ ಮಾಸ್ತರರು ಅದನ್ನು ಒಪ್ಪಿಕೊಂಡು ತಮ್ಮ ಕಾಗದದಲ್ಲಿ ಗುರುತು ಹಾಕಿಕೊಂಡರು. ಮೆತ್ತಗೆ ಅಂದದ್ದನ್ನೂ ಬರೆದಿದ್ದೀರಿ ಎಂದು ನನಗೆ ಶಾಭಾಸ್ ಬೇರೆ. ಮುಂದಿನ ವಾರ ಪೂರ್ತಿ ಅವರು ತಮ್ಮ ಮಕ್ಕಳಿಗೆ ಗಜಕ್ಕೂ ಮೀಟರಿಗೂ ಏನು ಫರಕು ಎಂಬುದನ್ನೇ ಕಲಿಸಿದರಂತೆ. ನನಗದು ಆಮೇಲೆ ತಿಳಿಯಿತು.

ಹುಲಗೂರಿಗೆ ಹೋಗುವಾಗ ಇನ್ನು ಸುಳ್ಳು ಬರೆಯಬಾರದೆಂದು ನಿಶ್ಚಯಿಸಿಕೊಂಡೆ. ಕೇಳಿಸದಿದ್ದರೂ ಕಾಣುವುದನ್ನು ಬರೆಯಬಹುದಲ್ಲ. ಯಾರು ಬೆರಳೆಣಿಸಿದರು, ಯಾರು ಪಕ್ಕದವನ ಕಲ್ಲಿನ ಪಾಟಿ ಇಣುಕಿದರು, ಮಾಸ್ತರರು ತಿರುಗಿದ ಕೂಡಲೇ ಯಾರು ಬರೆದದ್ದನ್ನು ಅಳಿಸಿದರು, ಇವನ್ನೇ ಬರೆದೆ. ಇಬ್ಬರು ಹುಡುಗರು ಕೋಲಿನ ತುದಿಯಿಂದಲ್ಲ, ಮೊದಲ ಗುರುತಿನಿಂದ ಅಳೆಯಲು ಸುರು ಮಾಡಿದ್ದನ್ನು ನಾನೊಬ್ಬಳೇ ನೋಡಿದ್ದೆ. ಅದರಿಂದ ಅವರ ಅಳತೆ ಪ್ರತಿಸಲ ಒಂದು ಹೆಚ್ಚು ಬರುತ್ತಿತ್ತು. ಇದನ್ನು ಓದಿದಾಗ ಮೂವರೂ ಮೆಚ್ಚಿದರು. ಮುಂದಿನ ಪಾಠದಲ್ಲಿ ಕೋಲಿನ ತುದಿಗೆ ಕೆಂಪು ಬಣ್ಣ ಬಳಿಯಬೇಕೆಂದು ಠರಾಯಿಸಿದೆವು. ಅವರು ಹೊಗಳಿದಷ್ಟೂ ನನ್ನ ಭಯ ಹೆಚ್ಚಾಯಿತು. ಮುಂದಿನ ಸರದಿ ನನ್ನದಿತ್ತು.

ಆ ಹದಿನೈದು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಕೇಳುವ ಪ್ರಶ್ನೆಗಳನ್ನು ಬರೆದು, ಒಂದೊಂದಕ್ಕೂ ಬರಬಹುದಾದ ಉತ್ತರಗಳನ್ನು ಬರೆದು, ಕನ್ನಡಿಯ ಮುಂದೆ ನಿಂತು ಆ ಉತ್ತರಗಳನ್ನು ದನಿಯಿಲ್ಲದೆ ಹೇಳಿ ತುಟಿಯ ಆಕಾರ ನೋಡಿಕೊಳ್ಳುತ್ತಿದ್ದೆ. ಒಂಬತ್ತು, ಎಂಬತ್ತು, ತೊಂಬತ್ತು ಎಂಬ ಮೂರನ್ನು ಎಷ್ಟು ಸಲ ನೋಡಿದರೂ ಬೇರೆ ಮಾಡಲಾಗಲಿಲ್ಲ. ಪ್ರಶ್ನೆಯನ್ನೇ ಬದಲಿಸಿಬಿಡೋಣ ಎನ್ನಿಸಿತು. ಆದರೆ ಪಾಠ ನನ್ನೊಬ್ಬಳದಾಗಿರಲಿಲ್ಲ. ನಾಲ್ವರೂ ಕೂಡಿ ಮಾಡಿದ್ದು, ಎಲ್ಲರ ಬಳಿಯೂ ಅದರ ನಕಲು ಇತ್ತು.

ಆ ಶನಿವಾರ ನನ್ನ ಹುಡುಗಿಯರು ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಸಾಲಾಗಿ ಕುಳಿತಿದ್ದರು. ಹಿಂದೆ ಮೂವರೂ ವಹಿ ತೆರೆದು ಕುಳಿತರು. ಮೊಳದಿಂದ ಗೋಡೆ ಅಳೆಯುವುದು ಚೆನ್ನಾಗಿ ನಡೆಯಿತು. ಹುಡುಗಿಯರು ನಕ್ಕರು, ನಾನೂ ನಕ್ಕೆ. ಆಮೇಲೆ ಒಂದು ಮೀಟರು ಉದ್ದದ ಕಾಗದದ ಪಟ್ಟಿ ಎತ್ತಿ ಹಿಡಿದು, ಅದರಲ್ಲಿ ಹತ್ತು ಸೆಂಟಿಮೀಟರ್ ಕತ್ತರಿಸಿ, ಎಷ್ಟು ಉಳಿಯಿತು ಎಂದು ಕೇಳಿದೆ.

ಮೂರನೆಯ ಸಾಲಿನ ಒಬ್ಬ ಹುಡುಗಿ ಎದ್ದಳು. ಎಲೆಬಳ್ಳಿಯ ತೋಟದವರ ಮಗಳು. ಮೊದಲೆಲ್ಲ ಕೈ ಎತ್ತುತ್ತಿದ್ದವಳು, ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಳು. ಅವಳು ಎದ್ದದ್ದು ನನಗೂ ಆಶ್ಚರ್ಯವೇ. ಏನೋ ಹೇಳಿದಳು. ನನಗೆ ಕೇಳಿಸಿದ್ದು "ಒಂಬತ್ತು."

"ತಪ್ಪು, ಕುಂದ್ರು," ಎಂದೆ.

ಅವಳು ಕೂಡಲೇ ಕೂಡಲಿಲ್ಲ. ಸ್ವಲ್ಪ ಹೊತ್ತು ನನ್ನನ್ನು ನೋಡುತ್ತ ನಿಂತು, ಆಮೇಲೆ ಕುಳಿತಳು. ನಾನು ಮುಂದಿನ ಹುಡುಗಿಯ ಕಡೆ ಹೋದೆ.

ಪಾಠ ಮುಗಿಯಿತು. ಹುಡುಗಿಯರನ್ನು ಕಳಿಸಿ, ನಾವು ನಾಲ್ವರೂ ಜಮಖಾನೆಯ ಮೇಲೆ ಕುಳಿತೆವು. ನಡುವೆ ಕಾಗದದ ಮೇಲೆ ಖಾರಾ ಸುರುವಿಟ್ಟಿದ್ದೆ. ಯಾರೂ ಕೈ ಹಾಕಲಿಲ್ಲ. ಉರ್ದು ಶಾಲೆಯ ಅಕ್ಕೋರು ಓದುವ ಬದಲು ತಮ್ಮ ವಹಿಯನ್ನೇ ನನ್ನ ಕಡೆ ತಿರುಗಿಸಿದರು. ದುಂಡಗಿನ ಅಕ್ಷರದಲ್ಲಿ ಬರೆದಿತ್ತು. "ಹುಡುಗಿ: ತೊಂಬತ್ತು. ಅಕ್ಕೋರು: ತಪ್ಪು."

ನಾನು ಆ ಸಾಲನ್ನು ಎರಡು ಸಲ ಓದಿದೆ.

"ಅಕ್ಕೋರ, ನೂರರಾಗ ಹತ್ತು ಹ್ವಾದ್ರ ತೊಂಬತ್ತ ಅಲ್ರಿ?" ಎಂದು ಹುಲಗೂರಿನ ಮಾಸ್ತರರು ಕೇಳಿದರು. ಕುಚೇಷ್ಟೆಯಿರಲಿಲ್ಲ, ನಿಜವಾಗಿಯೂ ಕೇಳಿದರು. ಆಮೇಲೆ ಖಡು ತೆಗೆದುಕೊಂಡು ನೆಲದ ಮೇಲೆ ನೂರು ಬರೆದು, ಕೆಳಗೆ ಹತ್ತು ಬರೆದು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಕಳೆದು ತೋರಿಸಿದರು.

"ಗೊತ್ತದರಿ ನನಗ. ಗಡಿಬಿಡ್ಯಾಗ ಅಂದ್ಬಿಟ್ಟೆ," ಎಂದೆ.

ಹಿರಿಯ ಮಾಸ್ತರರು ತಲೆ ಎತ್ತಲಿಲ್ಲ. "ಒಂದ ಸಲ ಅಲ್ರಿ ಅಕ್ಕೋರ. ನಾ ಮೂರ ಕಡೆ ಬರದೇನಿ. ಮೂರೂ ಹುಡಿಗ್ಯಾರು ಸರಿನ ಹೇಳ್ಯಾರ."

ಲೆಕ್ಕ ಬಾರದ ಶಿಕ್ಷಕಿ ಎನ್ನಿಸಿಕೊಳ್ಳಬೇಕು, ಇಲ್ಲವೇ ಕಿವುಡಿ ಎನ್ನಿಸಿಕೊಳ್ಳಬೇಕು. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದೆಂದು ನಾನು ಆ ಜಮಖಾನೆಯ ಮೇಲೆ ಕುಳಿತು ಯೋಚಿಸಿದೆ. ಮೈಯಲ್ಲಿ ಹುಷಾರಿರಲಿಲ್ಲ ಎಂದು ಹೇಳಿ ಮಾತು ಮುಗಿಸಿದೆ. ಮಾಸ್ತರರಿಬ್ಬರೂ ಬಸ್ಸಿನ ಹೊತ್ತಾಯಿತೆಂದು ಎದ್ದರು.

ಉರ್ದು ಶಾಲೆಯ ಅಕ್ಕೋರ ಮನೆ ನನ್ನ ದಾರಿಯಲ್ಲೇ ಇತ್ತು. ಇಬ್ಬರೂ ನಡೆದೆವು. ಅವರು ಒಂದು ಹೆಜ್ಜೆ ಹಿಂದೆ ಬರುತ್ತಿದ್ದರು. ಮಠದ ಓಣಿಯ ತಿರುವಿನಲ್ಲಿ ಅವರ ಕೈ ನನ್ನ ಭುಜದ ಮೇಲೆ ಬಿತ್ತು. ತಿರುಗಿದೆ. ಅವರು ವಹಿ ತೆರೆದು, ಗೋಡೆಗೆ ಆನಿಸಿ ಪೆನ್ಸಿಲಿನಿಂದ ಬರೆದು ತೋರಿಸಿದರು. "ಮೂರು ಸಲ ಕರೆದೆ. ಎಷ್ಟು ದಿನದಿಂದ ಹೀಗೆ?"

ಅವರು ನನ್ನ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತು, "ನಮ್ಮ ಅಮ್ಮಾಗ ಕೇಳಸಂಗಿಲ್ರಿ. ಹತ್ತ ವರ್ಸ ಆತು. ನಿಮ್ಮಂಗ ಬಾಯಿ ನೋಡ್ತಾಳ. ಬೆಂಡಿಗೇರ್ಯಾಗ ನಂಗ ಸಂಶೆ ಬಂದಿತ್ತು," ಎಂದರು.

"ಯಾರ ಮುಂದೂ ಹೇಳಬ್ಯಾಡ್ರಿ. ನಂಗ ನೌಕ್ರಿ ಒಂದ ಐತಿ."

"ನಾ ಹೇಳಂಗಿಲ್ಲ. ಅದು ನೀವು ಹೇಳೂ ಮಾತು." ಆಮೇಲೆ ಕೇಳಿದರು. "ಆ ಹುಡಿಗಿನ್ನ ಎಷ್ಟ ಸಲ ಕುಂದ್ರಸೀರಿ?"

ನಾನು ಎಣಿಸಿರಲಿಲ್ಲ.

ಸೋಮವಾರ ಆ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಆ ವಾರ ಪೂರ್ತಿ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಗೈರು ಹಾಕಿದೆ. ರವಿವಾರ ಮುಂಜಾನೆ ಊರ ಹೊರಗಿನ ತೋಟಕ್ಕೆ ಹೋದೆ. ಬಳ್ಳಿಗಳ ನೆರಳಿನಲ್ಲಿ ತಾಯಿ ಮಗಳು ಒದ್ದೆ ಗೋಣಿಯ ಮೇಲೆ ಕುಳಿತು ಎಲೆ ಆರಿಸುತ್ತಿದ್ದರು. ಹುಡುಗಿಯ ಬೆರಳು ಎಷ್ಟು ವೇಗವಾಗಿ ಓಡುತ್ತಿತ್ತೆಂದರೆ ನನಗೆ ಎಣಿಕೆ ಹಿಡಿಯಲಾಗಲಿಲ್ಲ. ನೂರರ ಕಟ್ಟು ಕಟ್ಟುವುದು, ಕೊಳೆತದ್ದು ಕಂಡರೆ ತೆಗೆದು ಬಿಸಾಡಿ, ಅಷ್ಟನ್ನೇ ಸೇರಿಸುವುದು. ನೂರರಲ್ಲಿ ಹತ್ತು ಹೋದರೆ ಎಷ್ಟೆಂಬುದನ್ನು ಅವಳು ದಿನಕ್ಕೆ ಎಷ್ಟು ಸಲ ಮಾಡುತ್ತಿದ್ದಳೋ.

"ಬರ್ರಿ ಅಕ್ಕೋರ, ಕುಂದರ್ರಿ," ಎಂದು ತಾಯಿ ಗೋಣಿ ಸರಿಸಿದಳು. "ಸಾಲಿ ಒಲ್ಲೆ ಅನ್ನಾಕತ್ತಾಳ್ರಿ. ನನಗ ತಲಿ ಇಲ್ಲ, ಏನ ಹೇಳಿದ್ರೂ ತಪ್ಪ ಆಗತೈತಿ ಅಂತಾಳ. ತಲಿ ಇಲ್ಲಂದ್ರ ಯಾಕ ಕಳಸೂದ್ರಿ, ಇಲ್ಲೆ ಕೆಲಸ ಐತಿ."

ನಾನು ಹುಡುಗಿಯ ಎದುರಿಗೆ ಕುಳಿತೆ. ಅವಳು ಎಲೆಯಿಂದ ಕಣ್ಣೆತ್ತಲಿಲ್ಲ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು.

"ನೀ ತೊಂಬತ್ತ ಅಂದಿದ್ದಿ. ಅದು ಸರಿ ಇತ್ತು. ನನಗ ಒಂಬತ್ತ ಅಂದಂಗ ಕೇಳ್ತು. ಜಡ್ಡಾದಾಗಿಂದ ನನಗ ಕಿವಿ ಕೇಳಸಂಗಿಲ್ಲ. ತಪ್ಪು ನಿಂದಲ್ಲ."

ಅವಳ ಕೈ ನಿಂತಿತು. ಕಣ್ಣೆತ್ತಿದಳು. ಆಮೇಲೆ ಕೇಳಿದಳು. ಮೊದಲ ಸಲ ನನಗೆ ತಿಳಿಯಲಿಲ್ಲ. ಅವಳೇ ತಾನಾಗಿ ಇನ್ನೊಮ್ಮೆ, ಜೋರಾಗಿ ಹೇಳಿದಳು.

"ಹಂಗಾರ ಹ್ವಾದ ವರ್ಸದ್ದೂ ಸರಿ ಇದ್ದೂವೇನ್ರಿ?"

"ಗೊತ್ತಿಲ್ಲ," ಎಂದೆ. ಒಂದು ವರ್ಷದ ಉತ್ತರಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದು ಅವಳಿಗೂ ಗೊತ್ತಾಗುವಂತಿರಲಿಲ್ಲ, ನನಗೂ ಇಲ್ಲ. ತಾಯಿ ನನ್ನ ಮುಖವನ್ನೂ ಮಗಳ ಮುಖವನ್ನೂ ನೋಡಿ, ಒಂದು ಕಟ್ಟು ಎಲೆ ತೆಗೆದು ನನ್ನ ಮಡಿಲಿಗೆ ಹಾಕಿದಳು. "ನಾಳಿಂದ ಕಳಸ್ತೇನ್ರಿ," ಎಂದಳು. ಹುಡುಗಿ ಮತ್ತೆ ಎಲೆ ಆರಿಸತೊಡಗಿದಳು.

ನಾಲ್ಕನೆಯ ಪಾಠದ ತಯಾರಿಗೆ ಉರ್ದು ಶಾಲೆಯಲ್ಲಿ ಕೂಡಿದಾಗ ನಾನೇ ಮೊದಲು ಮಾತಾಡಿದೆ. ಬೆನ್ನು ಗೋಡೆಗೆ ಒತ್ತಿಕೊಂಡು ಎಲ್ಲ ಹೇಳಿದೆ. ಹುಲಗೂರಿನ ಮಾಸ್ತರರು ನೆಲ ನೋಡಿದರು. ಹಿರಿಯ ಮಾಸ್ತರರು ಕೊಡೆಯನ್ನು ಪಕ್ಕಕ್ಕಿಟ್ಟು ಕೇಳಿದರು. "ಹಂಗಾರ ನಮ್ಮೂರಾಗ ನೀವು ಓದಿದ್ದು?"

"ಕಟ್ಟಿ ಬರದದ್ರಿ."

"ಗಜದ ಮಾತು?"

"ಅದೂ ನಂದ್ರಿ. ಯಾವ ಹುಡುಗನೂ ಅಂದಿದ್ದಿಲ್ಲ."

ಅವರ ಮುಖ ಕೆಂಪಾಯಿತು. ಜೋರು ಮಾಡಲಿಲ್ಲ. "ನಾ ಒಂದ ವಾರ ಗಜ ಗಜ ಅಂತ ಹೊಯ್ಕೊಂಡೇನ್ರಿ. ಅವಕ್ಕ ಆ ಗೊಂದ್ಲ ಇದ್ದಿಲ್ಲ. ಬಿಡಸಾಕ ಹೋಗಿ ನಾನ ತುರುಕಿದೆ. ಈಗ ಎಲ್ಲಾ ಹುಡುಗ್ರೂ ಕಲಸ್ಕೊಂಡ ಕುಂತಾವ." ಎದ್ದು ಹೊರಗೆ ಹೋದರು. ಹೋಗಿಯೇಬಿಟ್ಟರು ಎಂದುಕೊಂಡೆ. ನೀರು ಕುಡಿದು ಮರಳಿ ಬಂದು ಕುಳಿತಾಗಲೂ ನನ್ನ ಕಡೆ ನೋಡಲಿಲ್ಲ. ಉರ್ದು ಶಾಲೆಯ ಅಕ್ಕೋರೊಂದಿಗೆ ಮಾತಾಡಿದರು. "ಪಾಠ ತಿದ್ದೂಣು. ಕಿವಿ ಕೇಳದ ಮಾಸ್ತರನೂ ಕಲಸೂಹಂಗ ಆಗಬೇಕು. ಹೆಂಗ?"

ಆ ಮಧ್ಯಾಹ್ನ ನಾವು ಪಾಠವನ್ನು ಮೊದಲಿನಿಂದ ಬಿಚ್ಚಿದೆವು. ಪ್ರಶ್ನೆ ಕೇಳಿದ ಮೇಲೆ ಬಾಯಿಂದ ಉತ್ತರ ಬೇಡ, ಎಲ್ಲರೂ ಪಾಟಿಯ ಮೇಲೆ ಬರೆದು ಒಟ್ಟಿಗೆ ಎತ್ತಲಿ ಎಂದರು ಹುಲಗೂರಿನವರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎದ್ದು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ ಎಂದರು ಅಕ್ಕೋರು. ಸರಿಯೋ ತಪ್ಪೋ ಎಂಬುದನ್ನು ಕೂಡಲೇ ಹೇಳಬಾರದು, ಕೋಲು ಹಿಡಿದು ಅಳೆದು ಅವರೇ ನೋಡಲಿ ಎಂಬುದು ನನ್ನ ಸೂಚನೆ. ಯಾರಾದರೂ ನಗಬಹುದೆಂದು ಹೆದರಿದ್ದೆ. ಹಿರಿಯರು ಬರೆದುಕೊಂಡರು.

ಉರ್ದು ಶಾಲೆಯಲ್ಲಿ ಆ ಪಾಠ ನಡೆದಾಗ ನನ್ನನ್ನು ಮುಂದೆ, ಮಕ್ಕಳ ಮುಖ ಕಾಣುವ ಕಡೆ ಕೂಡಿಸಿದರು. ಪಾಟಿಗಳು ಎದ್ದವು. ಎಷ್ಟೋ ಪಾಟಿಗಳ ಮೇಲೆ ತಪ್ಪು ಉತ್ತರವಿತ್ತು. ಆ ಅಕ್ಕೋರು ಒಂದೊಂದೇ ಪಾಟಿಯ ಹತ್ತಿರ ಹೋಗಿ ನೋಡಿದರು. ಅಲ್ಲಿಯ ತನಕ ಕೈ ಎತ್ತುತ್ತಿದ್ದ ನಾಲ್ಕೈದು ಮಕ್ಕಳ ಉತ್ತರವನ್ನೇ ಇಡೀ ವರ್ಗದ ಉತ್ತರವೆಂದು ತಾವು ತಿಳಿದಿದ್ದುದಾಗಿ ಆಮೇಲೆ ಹೇಳಿದರು. "ನಂಗ ಕಿವಿ ಅದಾವ, ನಾನೂ ಕೇಳಿದ್ದಿಲ್ಲ," ಎಂದರು. ಮಾಸ್ತರರಿಬ್ಬರೂ ತಮ್ಮ ತಮ್ಮ ಶಾಲೆಗಳಲ್ಲಿ ಅದೇ ಪಾಠವನ್ನು ಇನ್ನೊಮ್ಮೆ ಮಾಡುವುದೆಂದಾಯಿತು.

ನನಗೆ ಉಳಿದದ್ದು ಡೆಪ್ಯುಟಿ ಸಾಹೇಬರ ಚಿಂತೆ. ಬಾಗಿಲಲ್ಲೇ ಅವರಿಗೆ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಅವರು ಬಂದದ್ದು ಅವಸರದಲ್ಲಿ. ನಾನು ಕರಿಹಲಗೆಯ ಕಡೆ ತಿರುಗಿ ಬರೆಯುತ್ತಿದ್ದೆ. ಬರೆದು ತಿರುಗಿದಾಗ ಎಲ್ಲ ಹುಡುಗಿಯರ ಕಣ್ಣುಗಳು ನನ್ನನ್ನು ದಾಟಿ ಬಾಗಿಲ ಕಡೆ ನೆಟ್ಟಿದ್ದವು. ಸಾಹೇಬರು ಹುಬ್ಬು ಗಂಟಿಕ್ಕಿ ನಿಂತಿದ್ದರು. ಏನೋ ಕೇಳಿ ಉತ್ತರಕ್ಕೆ ಕಾಯುತ್ತಿದ್ದರೆಂದು ಗೊತ್ತಾಯಿತು.

"ಸಾಹೇಬ್ರ, ಹಿಂದಿಂದ ಮಾತಾಡಿದ್ರ ನನಗ ಕೇಳಸಂಗಿಲ್ರಿ," ಎಂದೆ.

ಅವರು ಮುಂದೆ ಬಂದರು. "ಎಂದಿನಿಂದ?" ಎಂದರು. ಹೇಳಿದೆ. ಕುರ್ಚಿಯಲ್ಲಿ ಕುಳಿತು, ಮೀಟರಿನ ಮೇಲೆ ಮಕ್ಕಳನ್ನು ಪ್ರಶ್ನೆ ಕೇಳತೊಡಗಿದರು. ಹುಡುಗಿಯರು ಪಾಟಿ ಎತ್ತಿದರು. ಅವರು ಎದ್ದು ಸಾಲುಸಾಲಾಗಿ ಓಡಾಡಿ ನೋಡಿದರು. ತೋಟದ ಹುಡುಗಿಯ ಪಾಟಿಯ ಮುಂದೆ ನಿಂತು ಏನೋ ಕೇಳಿದರು, ಅವಳು ಕೋಲು ತೆಗೆದುಕೊಂಡು ಅವರ ಬೂಟಿನ ಉದ್ದ ಅಳೆದು ತೋರಿಸಿದಳು. ಸಾಹೇಬರು ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ. ತಪಾಸಣೆಯ ಅಭಿಪ್ರಾಯ ಬರೆಯುವ ಶೇರೆ ಪುಸ್ತಕದಲ್ಲಿ ಎರಡು ಸಾಲು ಬರೆದು ಹೊರಟುಹೋದರು. ಮಕ್ಕಳ ತಯಾರಿ ಚೆನ್ನಾಗಿದೆ ಎಂಬುದು ಒಂದು. ಶಿಕ್ಷಕಿಯನ್ನು ವೈದ್ಯಕೀಯ ತಪಾಸಣೆಗೆ ಕಳಿಸತಕ್ಕದ್ದು ಎಂಬುದು ಇನ್ನೊಂದು.

ತಪಾಸಣೆಗೆ ಹೋಗಬೇಕೆಂಬ ಕಾಗದ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಟಪಾಲಿನವನು ಓಣಿಗೆ ಬಂದರೆ ನಾನು ಅಡಿಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಅವ್ವನಿಗೆ ಬರೆದಿರಲಿಲ್ಲ. ಧಾರವಾಡದ ದೊಡ್ಡ ದವಾಖಾನೆಗೆ ಉರ್ದು ಶಾಲೆಯ ಅಕ್ಕೋರು ಜೊತೆಗೆ ಬಂದರು. ಡಾಕ್ಟರರು ಕವಲಿರುವ ಉಕ್ಕಿನ ಕಡ್ಡಿಯೊಂದನ್ನು ಮೊಣಕಾಲಿಗೆ ಬಡಿದು ಕಿವಿಯ ಬಳಿ, ಕಿವಿಯ ಹಿಂದಿನ ಎಲುಬಿನ ಬಳಿ ಹಿಡಿದರು. ಕೇಳಿಸುವುದು ಕಡಿಮೆ, ಪೂರ್ತಿ ಹೋಗಿಲ್ಲ, ವಾಸಿಯಾಗುವಂಥದ್ದಲ್ಲ, ಕೆಲಸ ಮಾಡಬಹುದು ಎಂದು ಬರೆದುಕೊಟ್ಟರು. ಆ ಕೊನೆಯ ಮಾತಿನ ಮೇಲೆ ಬೆರಳಿಟ್ಟು ಅಕ್ಕೋರು ನನಗೆ ತೋರಿಸಿದರು. ಬಸ್ಸಿನಲ್ಲಿ ಬರುತ್ತ ನಾನು ಒಂದೇ ಸಮನೆ ಅಳುತ್ತಿದ್ದೆ, ಅವರು ನೋಡದವರ ಹಾಗೆ ಕಿಟಕಿಯ ಕಡೆ ತಿರುಗಿದ್ದರು.

ನೌಕರಿ ಉಳಿಯಿತು, ಸವಣೂರು ಉಳಿಯಲಿಲ್ಲ. ಬೇಸಿಗೆಯ ರಜೆಯ ಹೊತ್ತಿಗೆ ಹಿರೇಕೆರೂರ ತಾಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಕಿವಿಗೂ ವರ್ಗಕ್ಕೂ ಸಂಬಂಧವಿತ್ತೋ ಇಲ್ಲವೋ ಯಾರೂ ಹೇಳಲಿಲ್ಲ. ತೋಟದ ಹುಡುಗಿ ನಾಲ್ಕನೆಯ ಇಯತ್ತೆ ಪಾಸಾಗಿ ಐದಕ್ಕೆ ಹೋದಳು. ಕೊನೆಯ ದಿನದ ತನಕ ನನ್ನ ಪ್ರಶ್ನೆಗಳಿಗೆ ಪಾಟಿ ಎತ್ತಿದಳೇ ಹೊರತು ಬಾಯಿಬಿಟ್ಟು ಉತ್ತರ ಹೇಳಿದ್ದು ನೆನಪಿಲ್ಲ. ನಮ್ಮ ನಾಲ್ವರ ಶನಿವಾರಗಳು ನನ್ನ ವರ್ಗದಿಂದ ನಿಂತವು. ಹುಲಗೂರಿನ ಮಾಸ್ತರರು ಒಂದೆರಡು ವರ್ಷ ಕಾಗದ ಬರೆಯುತ್ತಿದ್ದರು. ಬೆಂಡಿಗೇರಿಯ ಹಿರಿಯರು ಬರೆಯಲಿಲ್ಲ. ನಾನು ಬರೆದ ಕ್ಷಮೆಯ ಕಾಗದ ಅವರಿಗೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ಹೊಸ ಶಾಲೆಯಲ್ಲಿ ಮೊದಲ ದಿನವೇ ಮಕ್ಕಳಿಗೆ ಕಿವಿಯ ವಿಷಯ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಪರೀಕ್ಷಿಸಲು ಒಂದು ವಾರ ನನ್ನ ಬೆನ್ನ ಹಿಂದೆ ಏನೇನೋ ಅಂದಿರಬೇಕು, ಆಮೇಲೆ ಬೇಸತ್ತು ಬಿಟ್ಟರು. ಅಲ್ಲಿ ಇನ್ನಿಬ್ಬರು ಶಿಕ್ಷಕರಿದ್ದರು. ನನ್ನ ವರ್ಗದಲ್ಲಿ ಒಂದು ತಾಸು ಕುಳಿತು ಮಕ್ಕಳು ಹೇಳುವುದನ್ನು ಬರೆದುಕೊಡಿ ಎಂದು ಇಬ್ಬರನ್ನೂ ಕೇಳಿದೆ. ಕೇಳಲು ಮೂರು ದಿನ ಹಿಂದೆಮುಂದೆ ನೋಡಿದ್ದೆ. ಒಬ್ಬರು ತಮಗೆ ಪುರಸೊತ್ತಿಲ್ಲ ಎಂದರು. ಇನ್ನೊಬ್ಬರು ಯಾಕೆಂದು ಕೇಳಿದರು. ಹೇಳಿದೆ. ಮುಂದಿನ ಶನಿವಾರ ಅವರು ಒಂದು ಹಳೆಯ ವಹಿ ಹಿಡಿದು ಬಂದು, ಮಕ್ಕಳ ನಡುವೆ ಜಾಗ ಮಾಡಿಕೊಂಡು ಕುಳಿತರು.